ಕುರುಡು ಸಜ್ಜೆ

ಒಂಬತ್ತನೆಯ ವಲಯದ ಚಿತ್ರ ಪರದೆಯ ಮೇಲೆ ಬಂದಾಗ ಹುಲಿಗೆಮ್ಮ ಬಾಯಿಯ ಹತ್ತಿರ ಒಯ್ದಿದ್ದ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟಳು.

"ಮೌನೇಶಪ್ಪ, ಇದು ಯಾವಾಗಿನ ಚಿತ್ರ?"

"ಇವತ್ತಿಂದೇರಿ. ಮುಂಜಾನೆ ಏಳಕ್ಕ ಡ್ರೋನ್ ಹೋಗಿ ಬಂತು."

"ಅಲ್ಲಿ ನಾವಿನ್ನೂ ಬಿತ್ತೇ ಇಲ್ಲಲ್ಲ?"

"ಇಲ್ರಿ ಮೇಡಂ. ಆ ಊರಿನ ಪಾಳಿ ಮುಂದಿನ ವರ್ಷ."

ಆದರೆ ಪರದೆಯ ತುಂಬ ಹಸಿರಿತ್ತು. ಕಳೆಯ ಹಸಿರಲ್ಲ, ಎಲೆ ಚಾಚಿದ ಸಜ್ಜೆಯ ಹಸಿರು. ನಡುನಡುವೆ ಅಲ್ಲಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು ಗಿಡಗಳು. ಮೌನೇಶಪ್ಪ ಕನ್ನಡಕ ಏರಿಸಿಕೊಂಡು ಮುಂದೆ ಬಾಗಿದ. ಇಪ್ಪತ್ತು ವರ್ಷ ಸೇನೆಯಲ್ಲಿ ಬಾಂಬು ತೆಗೆಯುವ ದಳದಲ್ಲಿದ್ದು ಬಂದವನು, ಅಷ್ಟು ಸುಲಭಕ್ಕೆ ಗಾಬರಿಯಾಗುವ ಆಳಲ್ಲ. ಅವನೂ ಈಗ ಚಿತ್ರವನ್ನು ಎರಡೆರಡು ಸಲ ಹಿಗ್ಗಿಸಿ ನೋಡಿದ.

ಅದು ಬಿಳಿಗಲ್ಲದೊಡ್ಡಿ. ಹುಲಿಗೆಮ್ಮ ಹುಟ್ಟಿದ ಊರು.

ಆ ಸೀಮೆಯಲ್ಲಿ ಬಿಳಿ ಲೋಹದ ನಿಕ್ಷೇಪ ಸಿಕ್ಕ ಮೇಲೆ ಅದಕ್ಕಾಗಿ ಎರಡು ಖಾಸಗಿ ಪಡೆಗಳು ಐದು ವರ್ಷ ಬಡಿದಾಡಿದ್ದವು. ಯಾರೂ ಗೆಲ್ಲಲಿಲ್ಲ. ಲೋಹದ ಬೆಲೆ ಬಿದ್ದಿತು, ಪಡೆಗಳು ಎದ್ದು ಹೋದವು. ಹೋಗುವಾಗ ಹೊಲ, ಹಾದಿ, ಕಾಳು ತುಂಬುವ ಹಗೇವಿನ ಸುತ್ತ ಹೂಳಿದ ನೆಲಬಾಂಬುಗಳನ್ನು ಹಾಗೇ ಬಿಟ್ಟು ಹೋದವು. ಎಲ್ಲೆಲ್ಲಿ ಹೂಳಿದ್ದೇವೆಂಬ ನಕ್ಷೆಯನ್ನು ಎರಡೂ ಕಡೆಯವರು ಇಟ್ಟಿರಲಿಲ್ಲ. ನಲವತ್ತು ಹಳ್ಳಿಯ ಮಂದಿ ಹೆದ್ದಾರಿಯ ಪಕ್ಕದ ತಗಡಿನ ಕ್ಯಾಂಪಿಗೆ ಬಂದು ಸೇರಿ ಇದು ಏಳನೆಯ ವರ್ಷ. ಬಾಂಬುಗಳ ಕವಚ ಪ್ಲಾಸ್ಟಿಕ್ಕಿನದು. ಲೋಹ ಹುಡುಕುವ ಯಂತ್ರ ಅವುಗಳ ಮೇಲೆ ಓಡಾಡಿದರೂ ಕುಂಯ್ ಎನ್ನುತ್ತಿರಲಿಲ್ಲ.

ಆಗ ನೆಲಶುದ್ಧಿ ಕೇಂದ್ರದ ಸಸ್ಯವಿಜ್ಞಾನಿಯಾಗಿ ಬಂದ ಹುಲಿಗೆಮ್ಮ ಸಜ್ಜೆಯನ್ನು ಹಿಡಿದಳು. ಬಾಂಬಿನೊಳಗಿನ ಮದ್ದು ವರ್ಷಗಳು ಕಳೆದಂತೆ ಮಣ್ಣಿಗೆ ಸ್ವಲ್ಪ ಸ್ವಲ್ಪವೇ ಜಿನುಗುತ್ತದೆ. ಅದನ್ನು ಬೇರಿನಿಂದ ಮೂಸುವ ಗುಣವನ್ನು ಸಜ್ಜೆಯ ಒಂದು ತಳಿಯಲ್ಲಿ ಸೇರಿಸಿದಳು. ಆ ವಾಸನೆ ಹತ್ತಿದಾಗ ಎಲೆಯನ್ನು ಕೆಂಪಾಗಿಸುವ ಗುಣವನ್ನು ಇನ್ನೊಂದು ತಳಿಯಲ್ಲಿಟ್ಟಳು. ಎರಡನ್ನೂ ಕೂಡಿಸಿ ಪಡೆದ ಬೀಜವನ್ನು ಡ್ರೋನಿನಿಂದ ಒತ್ತೊತ್ತಾಗಿ ಬಿತ್ತಿದರೆ ಐದು ವಾರದಲ್ಲಿ ನೆಲವೇ ನಕ್ಷೆಯಾಗುತ್ತಿತ್ತು. ಕೆಂಪು ಎದ್ದಲ್ಲಿ ಮದ್ದಿದೆ, ಹಸಿರು ನಿಂತಲ್ಲಿ ಇಲ್ಲ. ಮೂರು ವರ್ಷದಲ್ಲಿ ಹದಿನಾಲ್ಕು ಹಳ್ಳಿಯವರು ಹೀಗೆ ಮನೆಗೆ ಮರಳಿದ್ದರು.

ಎರಡು ಗುಣಗಳನ್ನು ಬೇರೆಬೇರೆ ತಳಿಯಲ್ಲಿಟ್ಟಿದ್ದು ಅವಳದೇ ತೀರ್ಮಾನ. ಸಜ್ಜೆಯ ಪರಾಗ ಗಾಳಿಗೆ ಹಾರುವಂಥದ್ದು. ತನ್ನ ಗಿಡ ಮಂದಿ ಉಣ್ಣುವ ಸಜ್ಜೆಯೊಳಗೆ ಶಾಶ್ವತವಾಗಿ ಬೆರೆತುಹೋಗಬಾರದು, ಒಂದೇ ಪೀಳಿಗೆಗೆ ಅದರ ಕೆಲಸ ಮುಗಿದುಹೋಗಬೇಕು ಎಂದು ಹಾಗೆ ಮಾಡಿದ್ದಳು. ಈ ಗಿಡದ ತೆನೆಯ ಕಾಳನ್ನು ಮತ್ತೆ ಬಿತ್ತಿದರೆ ಗುಣಗಳು ಚದುರುತ್ತವೆ. ಹದಿನಾರು ಗಿಡದಲ್ಲಿ ಒಂಬತ್ತಕ್ಕೆ ಎರಡೂ ಇರುತ್ತವೆ. ಉಳಿದ ಏಳು ಕುರುಡು. ಬೇರಿನ ಕೆಳಗೇ ಬಾಂಬಿದ್ದರೂ ಅವು ಹಸಿರಾಗಿಯೇ ನಿಲ್ಲುತ್ತವೆ.

ಅದಕ್ಕೇ ತೆನೆ ಬಲಿಯುವ ಮೊದಲೇ ಕೊಯ್ದು ಸುಡಬೇಕೆಂಬ ನಿಯಮವಿತ್ತು. ಕೊಯ್ಯುವ ಕೂಲಿಗೆ ಕ್ಯಾಂಪಿನ ಮಂದಿಯೇ ಬರುತ್ತಿದ್ದರು. ಯಾಕೆ ಸುಡಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅಲ್ಲಲ್ಲಿ ಆಗಲೇ ಬಲಿತಿದ್ದ ತೆನೆಗಳನ್ನು ಅವರು ಉಡಿಯಲ್ಲಿ ಕಟ್ಟಿಕೊಂಡು ಬಂದಿರಬೇಕು.

"ಗಿಡ ಭಾಳ ತೆಳುವು ಬಿದ್ದಾವ," ಮೌನೇಶಪ್ಪ ಪರದೆಯ ಮೇಲೆ ಬೆರಳಿಟ್ಟ. "ಇದ್ದಷ್ಟು ಕಾಳು ಉಗ್ಗ್ಯಾರ. ಒಂದೊಂದು ಬಾಂಬಿನ ಮ್ಯಾಲ ಎರಡು ಗಿಡ ಬಂದಿದ್ರ ಹೆಚ್ಚು."

ಹುಲಿಗೆಮ್ಮನ ತಲೆಯಲ್ಲಿ ಲೆಕ್ಕ ತಾನಾಗಿಯೇ ಓಡಿತು. ಎರಡು ಗಿಡವಿದ್ದರೆ ಎರಡೂ ಕುರುಡಾಗುವ ಸಂಭವ ಹೆಚ್ಚುಕಡಿಮೆ ಐದರಲ್ಲಿ ಒಂದು. ಆ ಊರಿನ ನೆಲದಲ್ಲಿ ಇನ್ನೂರಕ್ಕೆ ಕಡಿಮೆಯಿಲ್ಲದಷ್ಟು ಬಾಂಬಿವೆಯೆಂದು ಅಂದಾಜು. ಅಂದರೆ ನಲವತ್ತು ಬಾಂಬುಗಳು ಹಸಿರು ಎಲೆಯ ಕೆಳಗೆ ಕೂತಿವೆ.

ನಿರ್ದೇಶಕರ ಕೋಣೆಗೆ ಓಡಿದಳು. ಅವರು ಪೂರ್ತಿ ಕೇಳಿಸಿಕೊಂಡು ಕಿಟಕಿಯ ಕಡೆ ತಿರುಗಿ ನಿಂತರು.

"ಈಗಲೇ ಕ್ಯಾಂಪಿನಲ್ಲಿ ಮೈಕ್ ಹಾಕಿ ಹೇಳಿಬಿಡೋಣ ಸರ್," ಎಂದಳು.

"ಏನಂತ ಹೇಳ್ತೀರಿ? ಗಿಡ ಹಸಿರಾಗಿದ್ರೂ ಕೆಳಗೆ ಬಾಂಬ್ ಇರಬಹುದು ಅಂತಲೇ? ವಾಪಸ್ ಹೋಗಿರೋ ಹದಿನಾಲ್ಕು ಹಳ್ಳಿಯವರು ಅಷ್ಟನ್ನೇ ಕೇಳಿಸ್ಕೋತಾರೆ. ನಾಳೆ ಬೆಳಿಗ್ಗೆ ಮನೆ ಬಿಟ್ಟು ಓಡಿ ಬರ್ತಾರೆ. ಮೊದಲನೇ ಬೀಜ, ಎರಡನೇ ಬೀಜ ಅಂತ ಅವರಿಗೆ ಹೇಗ್ರೀ ಅರ್ಥ ಮಾಡಿಸ್ತೀರಿ?"

"ಆದ್ರೆ ಸರ್—"

"ನಾಳೆ ಪೊಲೀಸರಿಗೆ ಹೇಳಿ ಆ ದಾರಿ ಮುಚ್ಚಿಸ್ತೀನಿ. ಗಿಡ ಇನ್ನೂ ಎಳೆಯದು, ಕೊಯ್ಲಿಗೆ ತಿಂಗಳಿದೆ. ಅಲ್ಲಿವರೆಗೆ ನೀವು ಬಾಯಿ ಬಿಡಬೇಡಿ, ಹುಲಿಗೆಮ್ಮ."

ಅವರ ಮಾತಿನಲ್ಲಿ ನಿಜವೂ ಇತ್ತು. ಒಂದು ದಿನದಲ್ಲಿ ಏನಾದೀತು ಎಂದು ಅವಳೂ ತನಗೆ ತಾನೇ ಹೇಳಿಕೊಂಡಳು. ಮುಂಜಾನೆಯಿಂದಲೇ ಡ್ರೋನನ್ನು ಆ ಊರಿನ ಮೇಲೆ ನಿಲ್ಲಿಸಿರು ಎಂದು ಮೌನೇಶಪ್ಪನಿಗೆ ತಿಳಿಸಿ ಮನೆಗೆ ಹೊರಟಳು.

ಮನೆಯೆಂದರೆ ಕ್ಯಾಂಪಿಗೆ ಅಂಟಿಕೊಂಡ ಎರಡು ಕೋಣೆಯ ಕ್ವಾರ್ಟರ್ಸು. ಅವ್ವ ತಾಯಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ನಮ್ಮೂರ ಹೊಲದಾಗ ಸಜ್ಜಿ ಬಿತ್ತಿದವರು ಯಾರು?"

ಬಡಿತ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ನನಗೇನ್ ಗೊತ್ತು? ಸಜ್ಜಿಗೆ ಕಾಲು ಬಂದಿರಬೇಕು, ಕ್ಯಾಂಪಿನಾಗ ಇದ್ದಿದ್ದು ಬ್ಯಾಸರಾಗಿ ಊರಿಗೆ ಹೋಗ್ಯಾದ."

"ಚ್ಯಾಷ್ಟಿ ಮಾಡಬ್ಯಾಡ ಬೇ. ಕೇಂದ್ರದ ಬೀಜ ಕದ್ದರ ಜೈಲು ಆಗ್ತದ."

"ಏಳು ವರ್ಷಾತು ತಗಡಿನ ಕೆಳಗ ಬೇಯಾಕತ್ತೀವಿ. ಇದಕ್ಕೇನಂತಾರ?" ತಾಯಮ್ಮ ಹಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರಿದಳು. "ಹಸಿರು ಇದ್ದಲ್ಲಿ ಹೆಜ್ಜಿ ಇಡ್ರಿ, ಕೆಂಪು ಇದ್ದಲ್ಲಿ ಇಡಬ್ಯಾಡ್ರಿ ಅಂತ ಮಂದಿ ಮುಂದ ನಿಂತು ಹೇಳಿದಾಕಿ ನೀನೇ ಅಲ್ಲೇನು? ನಿಮ್ಮ ಡ್ರೋನ್ ಉಗ್ಗಿದ್ರ ಒಂದು ಹಸಿರು, ಹುಸೇನಪ್ಪನ ಡ್ರೋನ್ ಉಗ್ಗಿದ್ರ ಒಂದು ಹಸಿರೇನು?"

ಹುಸೇನಪ್ಪ ಮೊದಲು ಮದುವೆಯ ವಿಡಿಯೊ ತೆಗೆಯುತ್ತಿದ್ದವನು. ಕ್ಯಾಂಪಿಗೆ ಬರುವಾಗ ಬೇರೇನೂ ತರಲಾಗದಿದ್ದರೂ ತನ್ನ ಹಳೆಯ ಡ್ರೋನನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದ. ಅವ್ವನ ಬಾಯಿಂದ ಅವನ ಹೆಸರು ಜಾರಿತ್ತು; ಅವಳು ಅದನ್ನು ತಿದ್ದಿಕೊಳ್ಳಲೂ ಹೋಗಲಿಲ್ಲ.

ಉತ್ತರ ಹುಲಿಗೆಮ್ಮನ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ಅವ್ವ ಹುಸೇನಪ್ಪನಿಗೆ ಹೇಳುತ್ತಾಳೆ, ಬೆಳಗಾಗುವುದರೊಳಗೆ ಸುದ್ದಿ ಹದಿನಾಲ್ಕು ಹಳ್ಳಿಗೂ ಮುಟ್ಟುತ್ತದೆ. ಅವಳು ನುಂಗಿಕೊಂಡಳು.

"ಕೇಂದ್ರದವರು ಬಿತ್ತಿದ ಹೊಲಕ್ಕಷ್ಟೇ ಹೋಗಬೇಕು. ಅದು ನಿಯಮ. ನಾ ಹೇಳೂತನ ಯಾರೂ ಹೋಗಬಾರದು ಅಂತ ನಿಮ್ಮ ಮಂದಿಗೆ ಹೇಳು."

"ನಿಯಮ," ಎಂದಳು ತಾಯಮ್ಮ. ಬಿಸಿ ರೊಟ್ಟಿಯನ್ನು ಮಗಳ ತಾಟಿಗೆ ಹಾಕಿ, ಇನ್ನೊಂದನ್ನು ಬಡಿಯತೊಡಗಿದಳು.

ಮುಂಜಾನೆ ಹುಲಿಗೆಮ್ಮ ಎದ್ದಾಗ ಒಲೆ ಹೊತ್ತಿರಲಿಲ್ಲ. ಅವ್ವನ ಚಪ್ಪಲಿ ಇರಲಿಲ್ಲ. ಅವಳು ಮುಖ ಕೂಡ ತೊಳೆಯದೆ ನಿಯಂತ್ರಣ ಕೋಣೆಗೆ ಓಡಿದಳು. ಮೌನೇಶಪ್ಪ ಬಾಗಿಲಲ್ಲೇ ಎದುರಾದ.

"ನಿಮಗ ಫೋನ್ ಹಚ್ಚಾಕತ್ತಿದ್ದೆ. ಟ್ರ್ಯಾಕ್ಟರ್ ಹೊಲದ ಅಂಚಿಗೆ ನಿಂತದ. ಮಂದಿ ಒಳಗ ಹೋಗಿಬಿಟ್ಟಾರ್ರಿ. ಹತ್ತೊಂಬತ್ತು ಮಂದಿ."

ಪರದೆಯ ಮೇಲೆ ಮಂದಿ ಸಾಲಾಗಿ ನಡೆದಿದ್ದರು. ಕೆಂಪು ಗಿಡ ಬಂದಲ್ಲೆಲ್ಲ ಶಿಸ್ತಾಗಿ ಸುತ್ತು ಹಾಕಿ, ಹಸಿರಿನ ನಡುವೆ ನಿಶ್ಚಿಂತೆಯಿಂದ ಕಾಲಿಡುತ್ತಿದ್ದರು. ಬಿದ್ದ ಮನೆಗಳ ಗೋಡೆ ಕಂಡ ಕೂಡಲೇ ಸಾಲು ಒಡೆಯಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಕಡೆ ತಿರುಗಿದರು. ಎಡಗಾಲು ಎಳೆಯುತ್ತ ನಡೆಯುವ ಒಂದು ಆಕೃತಿ ದೊಡ್ಡ ಬೇವಿನ ಮರದ ನೆರಳಿಗೆ ಹೋಗಿ ಮರೆಯಾಯಿತು. ಅದು ಯಾರೆಂದು ಹುಲಿಗೆಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ. ಆ ಬೇವು ಅವರ ಮನೆಯ ಮುಂದಿನದು.

"ನಾ ಹುಡುಗರನ್ನ ಕರಕೊಂಡು ಹೊಂಟೆ," ಮೌನೇಶಪ್ಪ ಆಗಲೇ ಜೀಪಿನ ಕೀಲಿ ಹಿಡಿದಿದ್ದ. "ಮುಟ್ಟಾಕ ಮುಕ್ಕಾಲು ತಾಸು ಬೇಕು. ಅವರು ಹೋದ ಹೆಜ್ಜಿ ಎಲ್ಲಾ ರೆಕಾರ್ಡ್ ಆಗ್ಯಾವ. ಅದೇ ಹೆಜ್ಜಿ ಮ್ಯಾಲ ವಾಪಸ್ ತರ್ರಿ. ಬ್ಯಾರೆ ದಾರಿ ಇಲ್ಲ."

ಕ್ಯಾಂಪಿನ ಪಟ್ಟಿಯಲ್ಲಿ ಹುಸೇನಪ್ಪನ ನಂಬರ್ ಸಿಕ್ಕಿತು. ನಾಲ್ಕನೆಯ ರಿಂಗಿಗೆ ಎತ್ತಿದ.

"ಹುಸೇನಪ್ಪ, ನಾನು ತಾಯಮ್ಮನ ಮಗಳು. ನಿಂತಲ್ಲೇ ನಿಂದ್ರಿ. ಯಾರೂ ಕಾಲು ಎತ್ತಬ್ಯಾಡ್ರಿ."

"ಗೊತ್ತಿತ್ತು ಮೇಡಂ, ನೀವು ಹಿಂಗ ಅಂಜಸ್ತೀರಿ ಅಂತ," ಅವನ ದನಿಯಲ್ಲಿ ನಗುವಿತ್ತು. "ಪೊಲೀಸರನ್ನ ಕಳಿಸ್ರಿ. ನಮ್ಮೂರಾಗ ನಿಂತು ಜೈಲಿಗೆ ಹೋಗ್ತೀವಿ."

"ಅದು ಹೈಬ್ರಿಡ್, ಹುಸೇನಪ್ಪ. ನೀವು ಬಿತ್ತಿದ್ದು ಹೈಬ್ರಿಡ್‌ದ ಎರಡನೇ ಬೀಜ."

ಹೈಬ್ರಿಡ್ ಬೀಜ ಎರಡನೆಯ ವರ್ಷ ಕೈಕೊಡುತ್ತದೆಂದು ಆ ಸೀಮೆಯಲ್ಲಿ ಒಕ್ಕಲುತನ ಮಾಡಿದ ಯಾರಿಗೂ ಕಲಿಸಬೇಕಾಗಿಲ್ಲ. ಅವನು ಒಂದೇ ಒಂದು ಪ್ರಶ್ನೆ ಕೇಳಿದ.

"ಎಷ್ಟು ಗಿಡ ಸುಳ್ಳು ಹೇಳ್ತಾವ್ರಿ?"

"ಹದಿನಾರರಾಗ ಏಳು."

ಹುಸೇನಪ್ಪ ಕೂಗಿದ ಕೂಗು ಫೋನಿನಲ್ಲಿ ಕಿವಿಗೆ ಹೊಡೆಯಿತು. ಪರದೆಯ ಮೇಲೆ ಹತ್ತೊಂಬತ್ತು ಮಂದಿ ಕಂಬಗಳಾದರು. ಒಬ್ಬಳು ಬಾಗಿದವಳು ಬಾಗಿದಂತೆಯೇ ನಿಂತಳು.

ಆಮೇಲಿನ ಒಂದೂವರೆ ತಾಸು ಹುಲಿಗೆಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ಒಂದು ಪರದೆಯಲ್ಲಿ ರೆಕಾರ್ಡನ್ನು ಹಿಂದಕ್ಕೋಡಿಸಿ ಒಬ್ಬೊಬ್ಬರು ಬಂದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡುವುದು, ಇನ್ನೊಂದರಲ್ಲಿ ಅವರನ್ನೇ ನೋಡುತ್ತ ಹೇಳುವುದು. ಅವಳು ಹೇಳಿದ್ದನ್ನು ಹುಸೇನಪ್ಪ ನಿಂತಲ್ಲಿಂದಲೇ ಕೂಗಿ ಹೇಳುತ್ತಿದ್ದ. "ಯಂಕಮ್ಮತ್ತಿ, ಹಿಂದ ತಿರುಗು. ನಿನ್ನ ಕಾಲಿನ ಗುರುತು ಕಾಣ್ತದಲ್ಲ, ಅದರಾಗ ಇಡು. ಅವಸರ ಮಾಡಬ್ಯಾಡ." ಯಾರೋ ಅಳುತ್ತಿದ್ದರು. ಯಾರೋ ದೇವರ ಹೆಸರು ಹೇಳುತ್ತಿದ್ದರು. ಒಬ್ಬರು, ನಾಲ್ವರು, ಹತ್ತು ಮಂದಿ. ಪ್ರತಿಯೊಬ್ಬರು ಅಂಚು ಮುಟ್ಟಿದಾಗ ಅವಳು ಉಸಿರು ಬಿಟ್ಟು ಮತ್ತೆ ಹಿಡಿಯುತ್ತಿದ್ದಳು. ಅಷ್ಟರಲ್ಲಿ ಮೌನೇಶಪ್ಪನ ಜೀಪೂ ಅಂಚಿಗೆ ಬಂದು ನಿಂತಿತು.

ಹದಿನೇಳು ಮಂದಿ ಹೊರಗೆ ಬಂದರು. ಒಳಗೆ ಹುಸೇನಪ್ಪ ಉಳಿದ. ಬೇವಿನ ಕೆಳಗೆ ತಾಯಮ್ಮ ಉಳಿದಳು. ಅವಳ ಕೊನೆಯ ಹೆಜ್ಜೆಗಳನ್ನು ಮರದ ನೆರಳು ನುಂಗಿತ್ತು, ಡ್ರೋನಿಗೆ ಅವು ಕಂಡೇ ಇರಲಿಲ್ಲ; ತರಗೆಲೆ ಹಾಸಿದ ಆ ನೆಲದಲ್ಲಿ ಅವಳಿಗೂ ತನ್ನ ಗುರುತು ಸಿಗುವಂತಿರಲಿಲ್ಲ.

"ಈಗ ನೀವು ಬರ್ರಿ," ಎಂದಳು ಹುಲಿಗೆಮ್ಮ.

ಹುಸೇನಪ್ಪ ಚೆನ್ನಾಗಿಯೇ ಬಂದ. ಎರಡು ಕೆಂಪು ಗಿಡ ದಾಟಿದ. ಅಂಚಿಗೆ ಇನ್ನು ಹತ್ತು ಹನ್ನೆರಡು ಹೆಜ್ಜೆಯಿದ್ದಾಗ ಅವನ ಹೆಂಡತಿ ತಡೆಯಲಾರದೆ ಅವನ ಹೆಸರು ಹಿಡಿದು ಕೂಗಿದಳು. ಅವನು ತಲೆಯೆತ್ತಿ ಅವಳ ಕಡೆ ನೋಡಿದ. ಕಾಲು ಗುರುತಿನಿಂದ ಒಂದು ಗೇಣು ಆಚೆ ಬಿತ್ತು. ಅಲ್ಲಿದ್ದುದು ಸೊಂಪಾದ ಹಸಿರು ಗಿಡ.

ಹುಲಿಗೆಮ್ಮನಿಗೆ ಸದ್ದು ಫೋನಿನಲ್ಲಿ ಕೇಳಿಸಿತು. ಪರದೆಯ ಮೇಲೆ ಮಣ್ಣಿನ ಗುಪ್ಪೆ ಎದ್ದು ಕೂತಿತು. ಆಮೇಲೆ ಫೋನಿನಲ್ಲಿ ಏನೂ ಕೇಳಿಸಲಿಲ್ಲ.

ಅವಳು ಇನ್ನೊಂದು ಜೀಪಿನಲ್ಲಿ ಹೊಲ ಮುಟ್ಟುವಷ್ಟರಲ್ಲಿ ಹುಸೇನಪ್ಪನನ್ನು ಆಸ್ಪತ್ರೆಗೆ ಒಯ್ದಿದ್ದರು. ಜೀವವಿತ್ತು, ಬಲಗಾಲು ಇರಲಿಲ್ಲ. ಮೌನೇಶಪ್ಪನೂ ಇಬ್ಬರು ಆಳುಗಳೂ ಬೇವಿನ ಕಡೆಗೆ ಹೊಟ್ಟೆಯ ಮೇಲೆ ಮಲಗಿ, ಸಣ್ಣ ಸಲಾಕೆಯಿಂದ ಮಣ್ಣನ್ನು ಓರೆಯಾಗಿ ಚುಚ್ಚಿ ನೋಡುತ್ತ ಅಂಗುಲಂಗುಲವಾಗಿ ಸರಿಯುತ್ತಿದ್ದರು. ನಲವತ್ತು ಮಾರಿನಾಚೆ ತಾಯಮ್ಮ ಒಂದು ಕಲ್ಲಿನ ಮೇಲೆ ಕಾಲು ಮಡಚಿ ಕೂತಿದ್ದಳು.

"ಯವ್ವಾ, ಅಲುಗಾಡಬ್ಯಾಡ!"

"ಎಲ್ಲಿಗೆ ಹೋಗ್ಲಿ? ಮನಿಗೇ ಬಂದೀನಲ್ಲ," ಎಂದಳು ತಾಯಮ್ಮ. "ಹುಸೇನಿ ಹ್ಯಾಂಗದಾನ?"

"ಬದುಕ್ಯಾನ."

ಬಿಸಿಲು ಏರಿತು. ಮೌನೇಶಪ್ಪ ಒಮ್ಮೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಅರ್ಧ ತಾಸು ಹಾಗೇ ಮಲಗಿದ್ದು, ಬೋಗುಣಿಯ ಮುಚ್ಚಳದಂಥ ಒಂದನ್ನು ಮಣ್ಣಿನಿಂದ ಬಿಡಿಸಿ ನಿಷ್ಕ್ರಿಯಗೊಳಿಸಿದ. ಅದರ ಮೇಲಿದ್ದ ಗಿಡ ಹಸಿರಾಗಿತ್ತು. ತಾಯಮ್ಮನ ಹೆಜ್ಜೆಯ ಗುರುತು ಅದರ ಪಕ್ಕದಲ್ಲೇ, ಒಂದು ಮೊಳಕ್ಕೂ ಕಡಿಮೆ ದೂರದಲ್ಲಿ ಹಾದುಹೋಗಿತ್ತು. ಹುಲಿಗೆಮ್ಮ ಹೊಲದ ಅಂಚಿಗೆ ಬಂದು ನಿಂತಳು. ಮಂದಿ ಇದ್ದಾರೆಂಬುದನ್ನೂ ಲೆಕ್ಕಿಸದೆ, ನಲವತ್ತು ಮಾರಿನಾಚೆಗೆ ಕೇಳಿಸುವಂತೆ ಎಲ್ಲವನ್ನೂ ಕೂಗಿ ಹೇಳಿದಳು. ಎರಡು ತಳಿ, ಎರಡು ಗುಣ, ಯಾಕೆ ಹಾಗೆ ಮಾಡಿದ್ದು, ಎರಡನೆಯ ಪೀಳಿಗೆಯಲ್ಲಿ ಏನಾಗುತ್ತದೆ, ನಿನ್ನೆಯೇ ತನಗೆ ಗೊತ್ತಾದದ್ದು.

ತಾಯಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಹೈಬ್ರಿಡ್ ಅಂತ ನಿನ್ನೆ ಒಂದು ಮಾತು ಅಂದಿದ್ರ," ಎಂದಳು, "ಹಂಚಿನ ಮ್ಯಾಲಿನ ರೊಟ್ಟಿ ಅಲ್ಲೇ ಬಿಟ್ಟು ಓಡ್ತಿದ್ನಲ್ಲೇ ಹುಲಿಗಿ. ನಾವು ಮಣ್ಣಾಗ ಹುಟ್ಟಿದವರು. ನಮಗ ಬೀಜದ ಮಾತು ತಿಳಿಯಂಗಿಲ್ಲ ಅಂತ ಯಾರು ಹೇಳಿದ್ರು ನಿನಗ?"

ಮೂರೂವರೆ ತಾಸಿನ ಮೇಲೆ ಮೌನೇಶಪ್ಪ ತಾಯಮ್ಮನನ್ನು ಬೆನ್ನ ಮೇಲೆ ಹೊತ್ತು ಹೊರತಂದ. ಅವಳು ಮಗಳ ಮುಖ ನೋಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹುಸೇನಪ್ಪನ ಹೆಂಡತಿ ಎಲ್ಲಿದ್ದಾಳೆಂದು ಕೇಳಿದಳು.

ಆಸ್ಪತ್ರೆಯಲ್ಲಿ ಹುಸೇನಪ್ಪನಿಗೆ ಎಚ್ಚರವಾಗಿತ್ತು. ಮುಖ ಬಿಳಿಚಿ ಬೂದಿಯಂತಾಗಿತ್ತು. ಹುಲಿಗೆಮ್ಮ ಮಂಚದ ಪಕ್ಕ ನಿಂತು, "ನನಗ ಗೊತ್ತಿತ್ತು, ಹೇಳಲಿಲ್ಲ. ತಪ್ಪು ನಂದು," ಎಂದಳು. ಅವನು ಬೈಯುತ್ತಾನೆಂದುಕೊಂಡಿದ್ದಳು. ಬೈದಿದ್ದರೆ ಅವಳಿಗೂ ಹಗುರವಾಗುತ್ತಿತ್ತು. ಅವನು ಒಣಗಿದ ತುಟಿ ಸವರಿಕೊಂಡ.

"ಅದೆಲ್ಲ ಆಮ್ಯಾಲ. ಇನ್ನ ಮೂರೂರಿನವರು ನನ್ನ ಹಂತ್ಯಾಕ ಬೀಜ ತಂದಿದ್ರು. ಹುಣಸಿದೊಡ್ಡಿ, ಕರಿಹಾಳ, ಮೂಡಲತಾಂಡಾ. ಅವರ ಹೊಲಕ್ಕೂ ನಾನೇ ಡ್ರೋನ್ ಹಾರಿಸಿ ಉಗ್ಗಿ ಬಂದೀನಿ. ಇಲ್ಲಿ ಯಾಕ ನಿಂತೀರಿ? ಹೋಗ್ರಿ!"

ಅವಳು ಓಡಿದಳು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಮೌನೇಶಪ್ಪನಿಗೆ ಫೋನ್ ಮಾಡಿದಳು. ನಿರ್ದೇಶಕರ ಕರೆ ಮೂರು ಸಲ ಬಂತು, ಎತ್ತಲಿಲ್ಲ. ಕರಿಹಾಳದ ಮಂದಿ ಮಧ್ಯಾಹ್ನವೇ ಎತ್ತಿನ ಗಾಡಿ ಕಟ್ಟಿಕೊಂಡು ಹೊರಟಿದ್ದರು. ಮೌನೇಶಪ್ಪನ ಜೀಪು ಅವರನ್ನು ಹಿಡಿದದ್ದು ಊರು ಇನ್ನು ಎರಡು ಹೊಲದಾಚೆ ಇದ್ದಾಗ. ಉಳಿದೆರಡು ಊರಿನವರು ಕ್ಯಾಂಪಿನಲ್ಲೇ ಇದ್ದರು.

ಹೊತ್ತು ಮುಳುಗುವ ಮುಂಚೆ ಹುಲಿಗೆಮ್ಮ ಕ್ಯಾಂಪಿನ ನೀರಿನ ಟಾಕಿಯ ಕೆಳಗೆ ಮೈಕ್ ಹಿಡಿದು ನಿಂತಳು. ಹೊಲದಲ್ಲಿ ಕೂಗಿ ಹೇಳಿದ್ದನ್ನೇ ಮತ್ತೆ ಮೊದಲಿನಿಂದ ಹೇಳಿದಳು. ಹದಿನಾಲ್ಕು ಹಳ್ಳಿಯ ಹೊಲಕ್ಕೆ ಬಿದ್ದದ್ದು ಮೊದಲನೆಯ ಬೀಜ, ಅದೂ ಒತ್ತಾಗಿ ಬಿದ್ದದ್ದು, ಅವರು ಹೆದರಬೇಕಿಲ್ಲ ಎಂದೂ ಹೇಳಿದಳು. ಯಾರೂ ಎದ್ದು ಓಡಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಮುದುಕ ಎದ್ದುಹೋಗಿ, ತಲೆದಿಂಬಿನ ಚೀಲದಲ್ಲಿ ಬಚ್ಚಿಟ್ಟಿದ್ದ ಕಾಳನ್ನು ತಂದು ಅವಳ ಮುಂದೆ ಸುರಿದ. ಅವನ ಹಿಂದೆ ಇನ್ನೊಬ್ಬರು. ಪುಡಿಕೆಗಳು, ಹಾಲಿನ ಡಬ್ಬಿಗಳು, ಗಂಟು ಕಟ್ಟಿದ ಬಟ್ಟೆಗಳು. ಅವಳು ಕಲ್ಪಿಸಿಕೊಂಡದ್ದಕ್ಕಿಂತ ಹೆಚ್ಚು ಕಾಳು ಕ್ಯಾಂಪಿನೊಳಗಿತ್ತು. ಇನ್ನೆಷ್ಟು ಹೊಲದಲ್ಲಿ ಬಿದ್ದಿದೆಯೋ, ಇನ್ನೆಷ್ಟು ಗಂಟುಗಳು ಬಿಚ್ಚದೆ ಉಳಿದಿವೆಯೋ.

ನೋಟೀಸು ಮರುದಿನವೇ ಬಂತು. ವಿಚಾರಣೆ ಮುಗಿಯುವವರೆಗೆ ಅವಳು ನಿಯಂತ್ರಣ ಕೋಣೆಗೆ ಕಾಲಿಡಬಾರದು. ಆದರೆ ಬೀಜ ಕೂಡಿಸಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಪ್ರಯೋಗಾಲಯದಿಂದ ಹೊರಹಾಕಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಅವಳು ಕ್ಯಾಂಪಿನೊಳಗೆ ಹಾದು ಮನೆಗೆ ಹೋಗುವಾಗ, ಟಾಕಿಯ ಕಟ್ಟೆಯ ಮೇಲೆ ಕೂತಿದ್ದ ಯಂಕಮ್ಮ ಕೈಮಾಡಿ ಕರೆದಳು. ಹೊಲದಲ್ಲಿ ತನ್ನ ಹೆಜ್ಜೆಯ ಮೇಲೆ ತಾನೇ ತಿರುಗಿ ನಡೆದು ಬಂದ ಮುದುಕಿ. ಸುತ್ತ ಏಳೆಂಟು ಹೆಂಗಸರಿದ್ದರು.

"ಬಾ ಇಲ್ಲಿ. ಹೈಬ್ರಿಡ್ ಅಂತ ಅವತ್ತು ಹೇಳಿದಿ. ಮತ್ತೇನೇನು ಹೇಳಿಲ್ಲ ನಮಗ?"

ಹುಲಿಗೆಮ್ಮ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು ಅವರ ನಡುವೆ ನೆಲದ ಮೇಲೆ ಕೂತಳು. ಗಿಡದ ಬೇರು ಒಂದು ಮೊಳಕ್ಕಿಂತ ಆಳದ ಮದ್ದನ್ನು ಮೂಸಲಾರದೆಂದು ಹೇಳಿದಳು. ಕವಚ ಬಿರುಕು ಬಿಡದ ಹೊಸ ಬಾಂಬು ಜಿನುಗುವುದಿಲ್ಲವೆಂದು ಹೇಳಿದಳು. ಮಳೆ ಕಡಿಮೆಯಾದ ವರ್ಷ ಬಣ್ಣ ತಡವಾಗಿ ತಿರುಗುತ್ತದೆಂದು, ಗೊಬ್ಬರ ಚೆಲ್ಲಿದ ಜಾಗದಲ್ಲಿ ಬಾಂಬಿಲ್ಲದೆಯೂ ಕೆಂಪಾಗಬಹುದೆಂದು ಹೇಳಿದಳು. ಹೆಂಗಸರು ನಡುವೆ ಬಾಯಿ ಹಾಕದೆ ಕೇಳಿದರು. ಹಿಂದಿನ ಸಾಲಿನಲ್ಲಿ ತಾಯಮ್ಮ ಯಾವಾಗಲೋ ಬಂದು ಕೂತಿದ್ದಳು.

"ಹಂಗಾದ್ರ ಆಳದಾಗ ಇದ್ದಿದ್ದು ಮ್ಯಾಲ ಬರೂದು ಯಾವಾಗ?" ಎಂದು ಯಂಕಮ್ಮ ಕೇಳಿದಳು. "ನಮ್ಮ ಮೊಮ್ಮಕ್ಕಳು ನೇಗಿಲು ಹೂಡಿದಾಗೇನು?"

"ಗೊತ್ತಿಲ್ಲವ್ವ," ಎಂದಳು ಹುಲಿಗೆಮ್ಮ.

ಮೂರು ವರ್ಷದಲ್ಲಿ ಆ ಕ್ಯಾಂಪಿನೊಳಗೆ ಅವಳು ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಮುದುಕಿ ಅವಳನ್ನೇ ದಿಟ್ಟಿಸಿ ನೋಡಿದಳು. ಯಾರೂ ಎದ್ದು ಹೋಗಲಿಲ್ಲ.

"ಸರಿ," ಎಂದಳು ಯಂಕಮ್ಮ, ಕಟ್ಟೆಯಿಂದ ಇಳಿದು ಅವಳ ಎದುರಿಗೆ ಕೂರುತ್ತ. "ಮುಂದ ಹೇಳು."